ಅಕ್ಕನ ಎಡಗಡೆಯ ಕುರ್ಚಿ

ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಅಕ್ಕನ ಎಡಗಡೆಗೆ ಒಂದು ಕುರ್ಚಿ ಇದೆ. ಅದರ ಒಂದು ಕೈ ಮುರಿದಿದೆ, ಹಿಂದಿನ ಕಾಲಿಗೆ ರಟ್ಟಿನ ಚೂರು ಕೊಟ್ಟು ನಿಲ್ಲಿಸಿದೆ, ಕೂತರೆ ಕಿರ್ ಎನ್ನುತ್ತದೆ. ಅದರಲ್ಲಿ ನಾನು ಹತ್ತೊಂಬತ್ತು ವರ್ಷ ಕೂತಿದ್ದೆ. ಆಮೇಲೆ ಅದರಲ್ಲಿ ಬೇರೊಬ್ಬಳು ಕೂತಳು. ಅಕ್ಕನ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತವಳು ಕುರ್ಚಿಯಿಂದ ಶುರು ಮಾಡಿದೆನೆಂದರೆ ನನ್ನ ಹೊಟ್ಟೆಕಿಚ್ಚು ಎಷ್ಟಿತ್ತೆಂದು ನೀವೇ ಊಹಿಸಿಕೊಳ್ಳಿ.

ಅಕ್ಕನಿಗೆ ಬಲಗಿವಿ ಕೇಳಿಸುವುದಿಲ್ಲ. ಏಳು ವರ್ಷದವಳಿದ್ದಾಗ ಜ್ವರ ಬಂದು, ಕಿವಿ ಸೋರಿ, ಆ ಕಡೆ ಪೂರ್ತಿ ಮುಚ್ಚಿಹೋಯಿತು. ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ನನಗೆ ನಡೆಯಲು ಕಲಿಸುವಾಗಲೇ ಅಮ್ಮ "ಅಕ್ಕನ ಎಡಗಡೆ ಹೋಗು" ಎಂದು ಕಲಿಸಿದಳಂತೆ. ರಸ್ತೆ ದಾಟುವಾಗ, ಬಸ್ಸಿನ ಸೀಟಿನಲ್ಲಿ, ಊಟಕ್ಕೆ ಕೂತಾಗ, ಹಾಸಿಗೆಯಲ್ಲಿ ಮಲಗಿದಾಗ ನಾನು ಯಾವಾಗಲೂ ಅವಳ ಎಡಗಡೆ. ಮನೆಯ ಹಳೇ ಫೋಟೋಗಳನ್ನು ತೆಗೆದು ನೋಡಿದರೆ, ಮುಖ ಯಾರದೆಂದು ಗುರುತು ಸಿಗದಿದ್ದರೂ ಅಕ್ಕನ ಎಡಕ್ಕೆ ನಿಂತ ಗುಂಗುರು ಕೂದಲು ನನ್ನದೇ ಎಂದು ಕಣ್ಣು ಮುಚ್ಚಿಕೊಂಡು ಹೇಳಬಹುದು.

ಅವಳಿಗೆ ಒಂದು ಸಲ ಮದುವೆಯೂ ಆಗಿತ್ತು. ಎರಡು ವರ್ಷಕ್ಕೆ ಒಂದು ಪೆಟ್ಟಿಗೆ ಹಿಡಿದುಕೊಂಡು ವಾಪಸ್ ಬಂದಳು. ಯಾರಾದರೂ ಕಾರಣ ಕೇಳಿದರೆ, "ಅವರ ಮನೇಲಿ ಎಲ್ಲರೂ ಬಲಗಡೆಯಿಂದಾನೇ ಮಾತಾಡ್ತಿದ್ರು" ಎಂದು ನಗುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಬಂದ ಮರುದಿನ ಬೆಳಿಗ್ಗೆಯೇ ಅಪ್ಪನ ಅಂಗಡಿಗೆ ಹೋಗಿ, ಏಪ್ರನ್ ಕಟ್ಟಿಕೊಂಡು, ಅಚ್ಚಾಗಿ ಬಂದ ಹಾಳೆಗಳ ಫಾರಂ ಮಡಚಲು ಕೂತಳು. ಅಪ್ಪ ಹೋದಮೇಲೆ ಅಂಗಡಿ ಅವಳದಾಯಿತು. ನನ್ನ ಮಗಳು ಶಾಲೆಗೆ ಸೇರಿದ ವರ್ಷ ನಾನೂ ಸೇರಿಕೊಂಡೆ. ಅಂಗಡಿಯಲ್ಲಿ ನಾವಿಬ್ಬರು, ಜೊತೆಗೆ ಕಾಗದ ಕತ್ತರಿಸುವ ಯಂತ್ರದ ಹಿಂದೆ ನಿಲ್ಲುವ ಕಟಿಂಗ್ ಮಾಮ. ಅವರು ಅಪ್ಪನ ಕಾಲದವರು. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಯಂತ್ರಕ್ಕೆ.

ನಮ್ಮ ಅಂಗಡಿಯಲ್ಲಿ ಗಡಿಯಾರ ನೋಡಿ ಕೆಲಸ ಮಾಡುವ ಅಭ್ಯಾಸವಿಲ್ಲ. ಹೊಲಿದ ಪುಸ್ತಕದ ಬೆನ್ನಿಗೆ ಅಂಟು ಬಳಿದ ಮೇಲೆ ಅದು ಹದಕ್ಕೆ ಬರುವವರೆಗೆ ಕಾಯಬೇಕು. ಆಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬೆನ್ನನ್ನು ದುಂಡಗೆ ಮಾಡಬೇಕು. ಬೇಗ ತಟ್ಟಿದರೆ ಅಂಟು ಸುತ್ತಿಗೆಗೆ ಬರುತ್ತದೆ. ತಡ ಮಾಡಿದರೆ ಒಣಗಿ ಬಿರುಕು ಬಿಡುತ್ತದೆ. ಆ ಹದಕ್ಕೆ ನಾಲ್ಕು ಹಾಡು. ಅಪ್ಪನ ಕಾಲದಿಂದಲೂ ಲೆಕ್ಕ ಇಷ್ಟೇ. ನಾಲ್ಕನೇ ಹಾಡು ಮುಗಿಯುತ್ತಿದ್ದಂತೆ ಅಕ್ಕ ಸುತ್ತಿಗೆ ಎತ್ತಿಕೊಳ್ಳುತ್ತಿದ್ದಳು. ಆ ಹಾಡುಗಳನ್ನು ಆರಿಸುವ ಕೆಲಸ ನನ್ನದು. ಮೊದಲು ಕ್ಯಾಸೆಟ್ಟು, ಆಮೇಲೆ ಸೀಡಿ, ಈಗ ಫೋನಿನ ಪ್ಲೇಲಿಸ್ಟು. ತೆಳು ದನಿಯ ಹಾಡುಗಾರ್ತಿಯರು, ಕೊಳಲು, ಪಿಟೀಲು, ಅಮ್ಮ ಗುನುಗುತ್ತಿದ್ದ ಹಾಡುಗಳು. ನನ್ನ ದನಿಯೂ ಕೀಚಲೇ. ಹಾಡಿನ ಜೊತೆ ನಾನೂ ಗುನುಗುತ್ತಿದ್ದೆ. ಅಕ್ಕ ಸೂಜಿಯಿಂದ ಕಣ್ಣೆತ್ತದೆ ದನಿಗೂಡಿಸುತ್ತಿದ್ದಳು. ಜೀವನದಲ್ಲಿ ನಾನು ದೊಡ್ಡದೇನನ್ನೂ ಕಡಿದು ಗುಡ್ಡೆ ಹಾಕಿಲ್ಲ. ಆದರೆ ಆ ಮೇಜಿನಲ್ಲಿ ಏನು ಕೇಳಿಸಬೇಕೆಂದು ನಿರ್ಧರಿಸುತ್ತಿದ್ದವಳು ನಾನು.

ಹೋದ ವರ್ಷದ ಹಿಂದಿನ ವರ್ಷ ಅಕ್ಕನ ಕೈ ತಪ್ಪತೊಡಗಿತು. ಎಂದೂ ಇಲ್ಲದವಳು ಅಂಟು ಒಣಗಿದ ಮೇಲೆ ಸುತ್ತಿಗೆ ಎತ್ತುತ್ತಿದ್ದಳು. ತಿಂಗಳಲ್ಲಿ ಮೂರು ಪುಸ್ತಕದ ಬೆನ್ನು ಬಿರುಕು ಬಿಟ್ಟವು. "ಎಲ್ಲಿಟ್ಟಿದ್ದೀಯ ಅಕ್ಕಾ ಗಮನ? ಹಾಡು ಮುಗಿದು ಎಷ್ಟು ಹೊತ್ತಾಯ್ತು!" ಎಂದು ನಾನೇ ಎರಡು ಸಲ ರೇಗಿದ್ದೆ. "ವಯಸ್ಸಾಯ್ತಲ್ಲೇ" ಎಂದಳು. ಕೈ ನೆರವಿಗೆ ಇನ್ನೊಬ್ಬರಿರಲಿ ಎಂದು ಹೊಲಿಗೆಗೆ ಒಬ್ಬಳನ್ನು ಕರೆತಂದಳು.

ಅವಳನ್ನು ನಾನು ಇವತ್ತಿಗೂ ಹೊಸಬಳು ಎಂದೇ ಕರೆಯುವುದು. ದಪ್ಪ ಹುಬ್ಬು, ಗಂಡಸರಂಥ ಗಡಸು ದನಿ, ಅವಸರವಿಲ್ಲದ ಮಾತು. ಹಿಂದೆ ಬೇರೆ ದೇಶದಲ್ಲಿ ಒಂದು ದೊಡ್ಡ ಲಾಂಡ್ರಿಯಲ್ಲಿ ಆರು ವರ್ಷ ಇಸ್ತ್ರಿ ಸಾಲಿನಲ್ಲಿದ್ದಳಂತೆ. ಬಂದ ಮೂರನೇ ದಿನಕ್ಕೇ 'ಮೇಡಂ' ಬಿಟ್ಟು 'ಅಕ್ಕಾ' ಎಂದಳು. ನನ್ನ ಅಕ್ಕನನ್ನು! ಅಕ್ಕ ಹೂಂ ಎಂದಳು. ಅಂದೇ ನನ್ನ ಮೈ ಉರಿಯಿತು.

ಮೊದಲು ಅವಳು ಮಾಡಿದ್ದು ಕಪಾಟಿನ ಮೇಲಿದ್ದ ಸ್ಪೀಕರನ್ನು ಕೆಳಗಿಳಿಸಿದ್ದು. ಯಾರನ್ನೂ ಕೇಳಲಿಲ್ಲ. ತಂದು ಅಕ್ಕನ ಮೊಣಕೈ ಪಕ್ಕ ಮೇಜಿನ ಮೇಲೆ ಇಟ್ಟಳು. ಆಮೇಲೆ ತನ್ನ ಫೋನು ತೆಗೆದು, "ಅಕ್ಕಾ, ಇದೊಂದು ಕೇಳ್ತೀರಾ?" ಎಂದು ಒಂದು ಹಾಡು ಹಾಕಿದಳು.

ಹಾಡಿದವಳು ಲೆಬನಾನಿನವಳು. ಅಷ್ಟು ಮಾತ್ರ ಹೊಸಬಳಿಗೆ ಗೊತ್ತಿತ್ತು. ಫೋನಿನ ಮೇಲೆ ಬಲದಿಂದ ಎಡಕ್ಕೆ ಹರಿಯುವ ಅಕ್ಷರಗಳನ್ನು ನಮ್ಮಲ್ಲಿ ಯಾರಿಗೂ ಓದಲು ಬಾರದು. ಚಿತ್ರದಲ್ಲಿ ಅರ್ಧ ಹೆಚ್ಚಿದ ನಿಂಬೆಹಣ್ಣು ಇತ್ತು. ಹಾಗಾಗಿ ಅವಳು ನಮ್ಮ ಅಂಗಡಿಯಲ್ಲಿ ನಿಂಬೆಹಣ್ಣಿನವಳಾದಳು. ದೊಡ್ಡ ಹೊಟ್ಟೆಯ ಊದ್ ಎಂಬ ವಾದ್ಯವನ್ನು ತಾನೇ ಮೀಟಿಕೊಂಡು, ಬಾವಿಯೊಳಗಿಂದ ಬಂದಂಥ ತಗ್ಗಿದ ದನಿಯಲ್ಲಿ ಹಾಡುತ್ತಾಳೆ. ಹೆಂಗಸು ಅಷ್ಟು ಕೆಳಗಿಳಿದು ಹಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಅಕ್ಕನ ಸೂಜಿ ಗಾಳಿಯಲ್ಲೇ ನಿಂತಿತು. ಹಾಡು ಮುಗಿಯುವವರೆಗೂ ಅವಳು ಅಂಗೈಯನ್ನು ಮೇಜಿನ ಮೇಲೆ ಊರಿಕೊಂಡು ಕೂತಿದ್ದಳು.

"ಇನ್ನೊಂದ್ಸಲ ಹಾಕೇ" ಎಂದಳು.

ಹತ್ತೊಂಬತ್ತು ವರ್ಷದಲ್ಲಿ ನನ್ನ ಒಂದು ಹಾಡಿಗೂ ಅವಳು ಇನ್ನೊಂದು ಸಲ ಎಂದಿರಲಿಲ್ಲ.

ಅಲ್ಲಿಂದ ಶುರುವಾಯಿತು. ಇರಾಕಿನ ಒಬ್ಬ ಬಂದ. ಕೊಡೆ ಹಿಡಿದ ಚಿತ್ರ, ಆದ್ದರಿಂದ ಕೊಡೆಯವನು. ಅವನದೂ ಊದೇ, ಆದರೆ ಹಾಡಿಲ್ಲ. ದಪ್ಪ ತಂತಿಯನ್ನು ಒಂದು ಸಲ ಮೀಟಿ, ಅದು ಪೂರ್ತಿ ಸಾಯುವವರೆಗೆ ಕಾಯ್ದು ಇನ್ನೊಂದು ಮೀಟುತ್ತಾನೆ. ಮನೆಗೆ ಬಂದ ನೆಂಟ ಚಪ್ಪಲಿ ಬಿಟ್ಟು ಒಳಗೆ ಬರಲು ಅರ್ಧ ಗಂಟೆ ತೆಗೆದುಕೊಂಡಂತೆ. ಇರಾನಿನ ಏಳು ಜನ ಹೆಂಗಸರು ಬಂದರು. ಮೆಟ್ಟಿಲುಗಳ ಮೇಲೆ ಕೂತ ಚಿತ್ರ, ಆದ್ದರಿಂದ ಮೆಟ್ಟಿಲಿನವರು. ಪ್ರತಿಯೊಬ್ಬಳ ಕೈಯಲ್ಲೂ ಜರಡಿಯಷ್ಟು ಅಗಲದ ದಫ್ ಎಂಬ ತಮಟೆ. ಏಳೂ ಒಟ್ಟಿಗೆ ಬಡಿದಾಗ ಅಂಟಿನ ಡಬ್ಬಿಯ ಮುಚ್ಚಳ ಅದುರುತ್ತಿತ್ತು. ಟರ್ಕಿಯ ಗಂಡ ಹೆಂಡತಿ ಬಂದರು, ಅವನು ಉದ್ದ ಕತ್ತಿನ ತಂತಿವಾದ್ಯ, ಅವಳು ಡ್ರಮ್ಮು. ಅವರ ಹಾಡು ಕೇಳಿದರೆ ಜಗಳವಾಡಿಕೊಂಡೇ ಸಂಸಾರ ಮಾಡುತ್ತಿದ್ದಾರೆ ಎನಿಸುತ್ತಿತ್ತು. ಸಿರಿಯಾದ ಕನ್ನಡಕದವನು ಒಬ್ಬ ಬಂದ, ತೊಡೆಯ ಮೇಲೆ ಎಪ್ಪತ್ತೆಂಟು ತಂತಿಯ ವಾದ್ಯ ಇಟ್ಟುಕೊಂಡು ಮಿಣಮಿಣ ನುಡಿಸುವವನು. ಬಂದವರಲ್ಲಿ ಮೊದಲು ನನಗೆ ಹಿಡಿಸಿದ್ದು ಅವನೊಬ್ಬನೇ. ಅಕ್ಕ ಮಾತ್ರ ಫೋನಿನ ವಿಡಿಯೋದಲ್ಲಿ ಅವನನ್ನು ಎರಡು ನಿಮಿಷ ನೋಡಿ, "ಇವನು ಬೇಡ. ಸುಮ್ನೆ ಕೂತಿರ್ತಾನೆ" ಎಂದಳು. ನನಗೆ ನಗು ಬಂತು. ಅವಳಿಗೆ ರುಚಿ ಕೆಟ್ಟಿದೆ ಅಂದುಕೊಂಡೆ.

ನನ್ನ ಪ್ಲೇಲಿಸ್ಟು ಮೂಲೆ ಸೇರಿತು. "ನಿನ್ನ ಹಾಡೂ ಚೆನ್ನಾಗಿವೆ ಕಣೇ, ಇವತ್ತು ಇವು ಇರಲಿ" ಎನ್ನುತ್ತಿದ್ದಳು ಅಕ್ಕ. ಆ ಇವತ್ತು ಮುಗಿಯಲೇ ಇಲ್ಲ. ಅಂಟಿನ ಲೆಕ್ಕವೂ ಬದಲಾಯಿತು. ಕೊಡೆಯವನ ಒಂದು, ಮೆಟ್ಟಿಲಿನವರ ಎರಡು. ಮುಗಿದ ತಕ್ಷಣ ಸುತ್ತಿಗೆ. ಒಂದು ಬೆನ್ನೂ ಬಿರುಕು ಬಿಡಲಿಲ್ಲ. ಎಲ್ಲಾ ಹೊಸಬಳ ಕೈಗುಣ ಎಂದು ಕಟಿಂಗ್ ಮಾಮ ಕೂಡ ಹೊಗಳಿದರು. ಆ ಮನುಷ್ಯ ಖರ್ಚು ಮಾಡುವ ಎರಡು ಮಾತಿನಲ್ಲಿ ಒಂದು ಅವಳಿಗೆ ಹೋಯಿತು.

ಆಮೇಲೆ ಒಂದು ದಿನ ಅಕ್ಕ, "ನೀನು ಎದುರಿಗೆ ಕೂತ್ಕೊಳ್ಳೇ. ಇವಳಿಲ್ಲಿ ಕೂರಲಿ" ಎಂದಳು.

"ಯಾಕೆ?"

"ಹೊಲಿಗೆ ಹೇಳಿಕೊಡ್ಬೇಕು."

ಹೊಸಬಳಿಗೆ ನನಗಿಂತ ಚೆನ್ನಾಗಿ ಹೊಲಿಗೆ ಬರುತ್ತಿತ್ತು. ಹೇಳಿಕೊಡಲು ಏನೂ ಇರಲಿಲ್ಲ. ನಾನು ಹಾಳೆಯ ಮಡಿಕೆ ಒತ್ತುವ ನನ್ನ ಮೂಳೆಪಟ್ಟಿ, ಕತ್ತರಿ, ನೀರಿನ ಬಾಟಲಿ ಎತ್ತಿಕೊಂಡು ಎದುರಿನ ಸ್ಟೂಲಿಗೆ ಹೋದೆ. ಕುರ್ಚಿ ಅವಳಿಗೂ ಕಿರ್ ಎಂದಿತು. ಅದಕ್ಕಾದರೂ ಸ್ವಲ್ಪ ನಿಯತ್ತು ಇರಬಾರದಿತ್ತೇ?

ಎದುರಿಗೆ ಕೂತು ನಾನು ನೋಡಿದ್ದು ಇದು: ಹೊಸಬಳು ಅಕ್ಕನ ಎಡಗಿವಿಗೆ ಬಗ್ಗಿ ಏನೋ ಹೇಳುತ್ತಾಳೆ, ಅಕ್ಕ ನಗುತ್ತಾಳೆ. ನಾನು ಏನಾದರೂ ಹೇಳಿದರೆ ಅಕ್ಕ ತಲೆಯೆತ್ತಿ, ಮುಖ ದಿಟ್ಟಿಸಿ, ಒಂದು ಕ್ಷಣ ಬಿಟ್ಟು ಉತ್ತರ ಕೊಡುತ್ತಾಳೆ, ಹೊರಗಿನವರಿಗೆ ಕೊಡುವಂತೆ. ಆರು ತಿಂಗಳು ನಾನು ಆ ಸ್ಟೂಲಿನ ಮೇಲೆ ಕೂತು ಹಲ್ಲು ಕಡಿದೆ. ಯಾರಿಗೂ ಕೇಳಿಸದ ಹಾಗೆ ಬಾಯೊಳಗೇ ಗೊಣಗುತ್ತಿದ್ದೆ. 'ದಪ್ಪ ಹುಬ್ಬಿನವಳು, ಬೆಣ್ಣೆ ಹಚ್ಚೋದ್ರಲ್ಲಿ ಎತ್ತಿದ ಕೈ, ಇವಳ ಕೊಡೆಯವನಿಗಿಷ್ಟು, ಇವಳ ನಿಂಬೆಹಣ್ಣಿಗಿಷ್ಟು.' ಗೊಣಗಿದರೆ ಸ್ವಲ್ಪ ಹಗುರವಾಗುತ್ತಿತ್ತು.

ಇನ್ನೊಂದು ಅವಮಾನವನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಬಟ್ಟೆ ಒಗೆಯುವಾಗ ಆ ನಿಂಬೆಹಣ್ಣಿನವಳನ್ನು ನಾನೂ ಹಾಕಿಕೊಂಡೆ, ಏನಿದೆ ಇದರಲ್ಲಿ ನೋಡೇಬಿಡೋಣ ಎಂದು. ಮೂರನೇ ಸಲ ಕೇಳುವಾಗ ಬಟ್ಟೆ ಹಿಂಡುವುದನ್ನೇ ಮರೆತು ನಿಂತಿದ್ದೆ. ಇಷ್ಟವಾಗಿಬಿಟ್ಟಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಒಂದು ಮಧ್ಯಾಹ್ನ ಹೊಸಬಳು ರಟ್ಟು ತರಲು ಹೊರಗೆ ಹೋದಳು. ಫೋನನ್ನು ಮೇಜಿನ ಮೇಲೇ ಬಿಟ್ಟಿದ್ದಳು. ಮೆಟ್ಟಿಲಿನವರು ಬಡಿಯುತ್ತಿದ್ದರು. ನನಗೆ ಆಗ ತೋಚಿದ್ದು ಒಂದೇ. ಫೋನು ಎಳೆದುಕೊಂಡು ಅವರನ್ನು ನಿಲ್ಲಿಸಿ ಅಮ್ಮನ ಹಾಡು ಹಾಕಿದೆ. ಅಮ್ಮ ನಮ್ಮಿಬ್ಬರಿಗೂ ತಲೆ ಬಾಚುವಾಗ ಹಾಡುತ್ತಿದ್ದದ್ದು. ತೆಳ್ಳನೆ ದನಿ, ಹಿಂದೆ ಕೊಳಲು. ಈ ಹಾಡು ಬಂದರೆ ಅಕ್ಕ ಎರಡನೇ ಸಾಲಿಗೆ ಸೇರಿಕೊಳ್ಳದೆ ಇದ್ದದ್ದೇ ಇಲ್ಲ. ಸೇರಿಕೊಳ್ಳಲಿ, ಅವಳ ಬಾಯಿಂದಲೇ ಬರಲಿ ಎಂದು, ಯಾವಾಗಲೂ ಗುನುಗುವ ನಾನು ತುಟಿ ಬಿಗಿಹಿಡಿದುಕೊಂಡು ಕೂತೆ.

ಎರಡನೇ ಸಾಲು ಬಂತು, ಹೋಯಿತು. ಮೂರನೆಯದೂ ಹೋಯಿತು. ಸ್ಪೀಕರು ಅಕ್ಕನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ಕೊಳಲು ಅಂಗಡಿ ತುಂಬ ಓಡಾಡುತ್ತಿತ್ತು.

ಅಕ್ಕ ಸೂಜಿ ಕೆಳಗಿಟ್ಟು ನನ್ನನ್ನು ನೋಡಿದಳು. "ಯಾಕೇ ಹಾಡು ನಿಲ್ಲಿಸ್ಬಿಟ್ಟೆ? ಅವಳ ಹಾಡು ಅಂದ್ರೆ ಅಷ್ಟು ಸಿಟ್ಟಾ ನಿಂಗೆ?"

ಯಂತ್ರದ ಹಿಂದೆ ಕಟಿಂಗ್ ಮಾಮನ ಕೈ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ಹಾಡು ನಡೆಯುತ್ತಲೇ ಇತ್ತು. ಫೋನು ಒತ್ತಿ ಮೆಟ್ಟಿಲಿನವರನ್ನು ಮತ್ತೆ ಹಾಕಿದೆ. ಮುಚ್ಚಳ ಅದುರಿತು. ಅಕ್ಕ "ಹಾಂ, ಹಾಗಿರು" ಎಂದು ಸೂಜಿ ಎತ್ತಿಕೊಂಡಳು.

ಹೊಸಬಳು ಬಂದಾಗ ನಾನು ಹಿತ್ತಲಿನ ನಲ್ಲಿಯ ಹತ್ತಿರ ಅಂಟಿನ ಬ್ರಶ್ಶು ತೊಳೆಯುತ್ತಿದ್ದೆ. ಆಗಲೇ ತೊಳೆದಿದ್ದನ್ನೇ ತೊಳೆಯುತ್ತಿದ್ದೆ. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಎಡಗಿವೀನೂ ಹೋಗ್ತಿದೆ" ಎಂದಳು. "ತೆಳು ಶಬ್ದ ಎಲ್ಲಾ ಹೋಗಿದೆ. ದಪ್ಪದ್ದು ಮಾತ್ರ ಕೇಳ್ಸತ್ತೆ."

"ನಿಂಗೆ ಯಾರು ಹೇಳಿದ್ರು?"

"ನಂಗೆ ಮೊದಲ್ನೇ ವಾರಾನೇ ಗೊತ್ತಾಯ್ತು. ಲಾಂಡ್ರೀಲಿ ಆ ಯಂತ್ರಗಳ ಮಧ್ಯೆ ನಿಂತು ನಿಂತು ಅರ್ಧ ಜನಕ್ಕೆ ಹೀಗೇ ಆಗಿತ್ತು. ನನ್ನ ಒಂದ್ ಪಕ್ಕ ಬೇರೂತಿನವಳು, ಇನ್ನೊಂದ್ ಪಕ್ಕ ಬಾಗ್ದಾದಿನವಳು. ಕಿವಿ ಹೋದವರಿಗೂ ಸಿಗೋ ಹಾಡು ಯಾವ್ದು ಅಂತ ಹುಡುಕಿ ಹುಡುಕಿ, ಇಸ್ತ್ರಿ ಮೇಜಿನ ಮೇಲೆ ಕೈ ಇಟ್ಟು ನೋಡಿ, ಅವರೇ ಈ ಲಿಸ್ಟ್ ಮಾಡಿದ್ದು."

"ಡಾಕ್ಟರ ಹತ್ರ…"

"ಹೋಗಿದ್ವಿ. ಅವತ್ತು ದಾರ ತರೋಕೆ ಅಂತ ಹೋದ್ವಲ್ಲ, ಆಗ. ಕಿವಿಗೆ ಹಾಕೋ ಮೆಷಿನ್ ಕೊಟ್ಟಿದಾರೆ. ಕಟಿಂಗ್ ಯಂತ್ರದ ಶಬ್ದ ತಲೇಗೆ ಹೊಡಿಯತ್ತೆ ಅಂತ ಅಕ್ಕ ಅದನ್ನ ಡ್ರಾಯರಲ್ಲಿ ಇಟ್ಟಿದಾರೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಅಕ್ಕ ಬೇಡ ಅಂದ್ರು. ನೀವು ಅಳ್ತೀರ ಅಂತ."

ನನಗೆ ಅಳು ಬಂತು, ನಿಜ. ಆದರೆ ಅದಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಸುಳ್ಳು ಹೇಳುವುದಿಲ್ಲ. ವರ್ಷಗಟ್ಟಲೆ ಪಕ್ಕದಲ್ಲೇ ಕೂತು ನನಗೆ ಕಾಣದ್ದು ಇವಳಿಗೆ ಒಂದು ವಾರದಲ್ಲಿ ಕಂಡಿತು. ಬಿರುಕು ಬಿಟ್ಟ ಬೆನ್ನುಗಳನ್ನು ನೋಡಿ ನಾನು ರೇಗಿದೆ, ಇವಳು ಸ್ಪೀಕರು ಕೆಳಗಿಳಿಸಿದಳು. ಡಾಕ್ಟರ ಬಾಗಿಲಲ್ಲಿ ಅಕ್ಕನ ಜೊತೆ ಕೂತವಳು ಇವಳು. ಹಾಡು ಹೋಗಲಿ, ಕುರ್ಚಿ ಹೋಗಲಿ, ಅಕ್ಕನ ಕಷ್ಟವಾದರೂ ನನ್ನ ಪಾಲಿಗೆ ಬರಬೇಕಿತ್ತಲ್ಲ.

ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದೆ. ಅಕ್ಕನ ಎದುರಿಗೆ ನಿಂತೆ. ಕೇಳಬೇಕಾದದ್ದು ನೂರಿದ್ದರೂ ಬಾಯಿಗೆ ಬಂದದ್ದು ಒಂದೇ.

"ಕಿವಿ ಹೋಗ್ತಿದ್ರೆ ಹೋಗ್ಲಿ. ಇರೋ ಅಷ್ಟನ್ನೂ ಅವಳಿಗ್ಯಾಕೆ ಕೊಟ್ಟೆ? ನನ್ನನ್ಯಾಕೆ ಎಡಗಡೆಯಿಂದ ಎಬ್ಬಿಸಿದೆ?"

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಕ್ಷಣ ತಡೆದು, ನನ್ನ ಹಿಂದೆಯೇ ಒಳಗೆ ಬಂದಿದ್ದ ಹೊಸಬಳ ಕಡೆ ತಿರುಗಿ, "ಹೇಳ್ಬಿಟ್ಯಾ?" ಎಂದಳು. ಆಮೇಲೆ ನನ್ನ ಕಡೆ.

"ಅವಳದು ಗಡಸು ದನಿ, ಎಡಗಡೆಯಿಂದ ಇನ್ನೂ ಸ್ವಲ್ಪ ಒಳಗೆ ಬರತ್ತೆ. ನಿಂದು ಬರಲ್ಲ ಕಣೇ. ನಿನ್ನ ದನಿ ಹೋಗಿ ಎರಡು ವರ್ಷ ಆಯ್ತು. ಪಕ್ಕದಲ್ಲಿ ಕೂತ್ರೆ ನೀನು ಕೇಳ್ಸಲ್ಲ, ಕಾಣ್ಸೋದೂ ಇಲ್ಲ. ಎದುರಿಗಿದ್ರೆ ಬಾಯಿ ಕಾಣತ್ತೆ. ನೀನು ಏನಂತೀಯ ಎಲ್ಲಾ ಗೊತ್ತಾಗತ್ತೆ. ಹುಟ್ಟಿದಾಗಿಂದ ನೋಡಿರೋ ಬಾಯಿ, ಅದನ್ನ ಓದೋಕೆ ಶಬ್ದ ಬೇಕಾ?"

ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ.

"ಇವಳನ್ನ ದಪ್ಪ ಹುಬ್ಬಿನವಳು ಅಂತ ಬೈಕೊಳ್ಳೋದೂ ಗೊತ್ತಾಗತ್ತೆ" ಎಂದಳು ಅಕ್ಕ. "ಬೆಣ್ಣೆ ಹಚ್ಚೋದೂ."

ಕಟಿಂಗ್ ಮಾಮ ಯಂತ್ರದ ಹಿಂದೆ ಕೆಮ್ಮಿದರು. ಹೊಸಬಳು ಹುಬ್ಬು ಮುಟ್ಟಿ ನೋಡಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅದಾಗಿ ಎಂಟು ತಿಂಗಳು. ನನ್ನ ಪಾಡಿಗೆ ನಾನೂ ಹುಡುಕತೊಡಗಿದ್ದೇನೆ. ಮನೆಯಲ್ಲಿ ಊಟದ ಮೇಜಿನ ಮೇಲೆ ಫೋನಿಟ್ಟು, ಎರಡು ಕಿವಿಗೂ ಹತ್ತಿ ತುರುಕಿಕೊಂಡು, ಅಂಗೈ ಊರಿ ಕೂರುತ್ತೇನೆ. ಯಾರದು ಕೈಗೆ ಸಿಗುತ್ತದೋ ಅವರು ಪಾಸು. ಹಾಗೆ ಸಿಕ್ಕವಳು ಜೋರ್ಡಾನಿನ ಮೇಕೆಯವಳು. ಚಿತ್ರದಲ್ಲಿ ಅವಳ ಪಕ್ಕ ಒಂದು ಮೇಕೆ ನಿಂತಿದೆ. ಆಳೆತ್ತರದ ಪಿಟೀಲಿನಂಥ ಚೆಲೋ ಎಂಬುದನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಎಳೆಯುತ್ತಾಳೆ. ಅಕ್ಕನ ಮೇಜಿನ ಮೇಲೆ ಅವಳನ್ನು ಹಾಕಿದ ದಿನ ಅಕ್ಕ ಕಣ್ಣು ಮುಚ್ಚಿಕೊಂಡು ಕೂತು, ಆಮೇಲೆ "ಇನ್ನೊಂದ್ಸಲ" ಎಂದಳು. ನಾನು ಹೊಸಬಳ ಮುಖ ನೋಡಿದೆ. ಅವಳ ಮುಖದಲ್ಲಿ ಕಿಚ್ಚು ಕಾಣಲಿಲ್ಲ. ಅದೊಂದು ನನಗೆ ಈಗಲೂ ಬೇಸರ.

ಹೋದ ವಾರ ಅಕ್ಕನ ಕಿವಿ ಇನ್ನೂ ಒಂದು ಮೆಟ್ಟಿಲು ಇಳಿಯಿತು. ಹೊಸಬಳು ಎಡಗಡೆಯಿಂದ ಮೂರು ಸಲ ಕರೆದಳು, ಅಕ್ಕ ತಿರುಗಲಿಲ್ಲ. ಅವಳು ಎದ್ದು ಕುರ್ಚಿಯನ್ನು ನನ್ನ ಕಡೆ ಸರಿಸಿದಳು.

"ಇನ್ನು ನನ್ನ ದನೀನೂ ಬೇಕಾಗಿಲ್ಲ. ನಿಮ್ಮ ಜಾಗ, ನೀವೇ ಬನ್ನಿ" ಎಂದಳು.

ಹದಿನಾಲ್ಕು ತಿಂಗಳು ನಾನು ಆ ಕುರ್ಚಿಗಾಗಿ ಕುದ್ದಿದ್ದೆ. ಅದೀಗ ನನ್ನ ಮುಂದೆ ಖಾಲಿ ನಿಂತಿತ್ತು, ಮುರಿದ ಕೈ ಸಮೇತ. ನಾನು ಸ್ಟೂಲಿನಿಂದ ಏಳಲಿಲ್ಲ.

"ಬೇಡ" ಎಂದೆ. "ಸ್ಟೂಲು ಇನ್ನೊಂದು ತಂದ್ಕೋ. ಇಲ್ಲೇ ನನ್ನ ಪಕ್ಕ ಕೂತ್ಕೋ. ಎದುರಿಗಿದ್ರೆ ಅಕ್ಕಂಗೆ ನೀನೂ ಕಾಣಿಸ್ತೀಯ."

ಅವಳು ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡಳು. ನಾನು ಜಾಗ ಬಿಟ್ಟೆ, ಆದರೆ ಹೆಚ್ಚು ಬಿಡಲಿಲ್ಲ. ಅಕ್ಕನ ಮುಖಕ್ಕೆ ನೇರವಾಗಿ ಇರುವುದು ಇವತ್ತಿಗೂ ನನ್ನ ಸ್ಟೂಲೇ.